ಸಬ್ ವರಗಳ ಸಹವಾಸ

ನನ್ನ ಸೋದರಮಾವನಿಗೆ ಇಂಗ್ಲಿಷಿನ ಮೇಲೆ ದ್ವೇಷವೇನೂ ಇರಲಿಲ್ಲ. ಆಗ ನಮ್ಮನ್ನಾಳುತ್ತಿದ್ದ ಮದ್ರಾಸಿನ ಸರಕಾರದ ಮೇಲೂ ಇರಲಿಲ್ಲ. ಇದ್ದದ್ದು 'ಸಬ್' ಎಂಬ ಒಂದು ತುಂಡು ಶಬ್ದದ ಮೇಲೆ ಮಾತ್ರ. ಆದರೆ ಅದರಿಂದ ಸವೆದದ್ದು ನನ್ನ ಚಪ್ಪಲಿ!

ಮಾವ ಹೊಸಪೇಟೆಯ ಒಂದು ಕಚೇರಿಯಲ್ಲಿ ಗುಮಾಸ್ತರು. ನಾನು ಶಾಲೆ ಬಿಟ್ಟು ಕಮಲಾಪುರದಲ್ಲಿ ಬಾಳೆತೋಟ ನೋಡಿಕೊಂಡಿದ್ದವನು. ಅಂದರೆ ಕೆಲಸವಿಲ್ಲದವನೆಂದು ಬಳಗದ ತೀರ್ಮಾನ. ಹಾಗಾಗಿ ಮಾವನ ಒಬ್ಬಳೇ ಮಗಳು ಗೌರಿಗೆ ಗಂಡು ಹುಡುಕುವ ತಿರುಗಾಟ ನನ್ನ ತಲೆಗೇ ಬಂತು. ಅಕ್ಕನ ಮಗನಾದ ನನಗೇ ಕೊಡಬಹುದಿತ್ತಲ್ಲ ಎನ್ನುತ್ತೀರಾ? ಸಂಬಳವಿಲ್ಲದವನಿಗೆ ಯಾರು ಹೆಣ್ಣು ಕೊಡುತ್ತಾರೆ! ಗೌರಿ ನನಗೆ ಇಷ್ಟವೆಂದು ಹೇಳುವ ಧೈರ್ಯವೂ ನನಗಿರಲಿಲ್ಲ.

ಮೊದಲು ಸಿಕ್ಕವನು ಕಂಪ್ಲಿಯ ಒಬ್ಬ ಸಬ್ ರಿಜಿಸ್ಟ್ರಾರ್. ಮಾವ ಶಬ್ದಕೋಶ ತೆರೆದು ನನಗೆ ಪಾಠ ಶುರುಮಾಡಿದರು. ಸಬ್‌ಮರೀನ್ ಅಂದರೆ ನೀರಿನ ಕೆಳಗೆ ಹೋಗುವ ಹಡಗು. ಸಬ್‌ಸಾಯಿಲ್ ಅಂದರೆ ಮೇಲ್ಮಣ್ಣಿನ ಕೆಳಗಿನ ಮಣ್ಣು. ಸಬ್‌ಮಿಟ್ ಅಂದರೆ ತಲೆ ತಗ್ಗಿಸುವುದು. ಸಬ್‌ಸ್ಕ್ರೈಬ್ ಅಂದರೆ ಇನ್ನೊಬ್ಬರು ಬರೆದದ್ದರ ಕೆಳಗೆ ರುಜು ಹಾಕುವುದು.

"ಎಲ್ಲಾ ಕೆಳಗಽ ಐತಲೇ. ಬ್ಯಾಡ," ಎಂದು ಶಬ್ದಕೋಶ ಮುಚ್ಚಿದರು. ಜಾತಕ ಹಿಂದಿರುಗಿಸಲು ನಾನು ಮತ್ತೆ ಕಂಪ್ಲಿಯ ಹಾದಿ ಹಿಡಿದೆ.

ಆಮೇಲೆ ಬಂದವನು ಸಬ್ ಇನ್ಸ್‌ಪೆಕ್ಟರ್. ಊರೆಲ್ಲ ಅವನಿಗೆ ಹೆದರಿದರೂ ಮಾವ ಹೆದರಲಿಲ್ಲ, ವಾಪಸು ಕಳಿಸಿದರು. ಅವನ ಹಿಂದೆಯೇ ಸಬ್ ಅಸಿಸ್ಟೆಂಟ್ ಸರ್ಜನ್ ಬಂದ. ಅಸಿಸ್ಟೆಂಟನೇ ಒಬ್ಬರ ಕೈಕೆಳಗಿನವನು, ಇವನು ಅವನಿಗೂ ಕೆಳಗೆ! ಅವನಿಗೆ ಚಹಾ ಕೂಡ ಹುಟ್ಟಲಿಲ್ಲ. ಸರಕಾರ ಇಷ್ಟೊಂದು ಜನರನ್ನು ಕೆಳಗೇ ಇಟ್ಟರೆ ಮೇಲೆ ಇರುವವರು ಯಾರು ಎಂದು ನನಗೂ ಅನುಮಾನ ಶುರುವಾಯಿತು.

ರಾಜರ ಆಳ್ವಿಕೆಯ ಸಂಡೂರು ಸಂಸ್ಥಾನದಲ್ಲಿ ಈ ಪೀಡೆ ಇರಲಾರದೆಂದು ಮಾವ ನನ್ನನ್ನೂ ಕರೆದುಕೊಂಡು ಎತ್ತಿನ ಗಾಡಿಯಲ್ಲಿ ಅಲ್ಲಿಗೆ ಹೊರಟರು. ಹುಡುಗ ಅಲ್ಲಿ ಗುಮಾಸ್ತ, ಲಕ್ಷಣವಾಗಿದ್ದ, ಹುದ್ದೆಯಲ್ಲಿ ಸಬ್ ಇರಲಿಲ್ಲ. ನಾನು ಒಳಗೊಳಗೇ ಕುಗ್ಗಿದೆ. ಅವನ ಮೇಲೆ ಯಾರ್ಯಾರಿದ್ದಾರೆ ಎಂದು ಮಾವ ಕೇಳಿದರು. ಹುಡುಗ ಬೆರಳು ಮಡಚುತ್ತ ಹೋದ. ಇನ್ನೊಂದು ಕೈಯ ಬೆರಳು ಶುರುವಾದಾಗ ಮಾವ ಎದ್ದುಬಿಟ್ಟರು.

ಮರಳುವ ದಾರಿಯಲ್ಲಿ ನನಗೆ ಸಾಕುಸಾಕಾಗಿತ್ತು. ಯಾರ ಕೈಕೆಳಗೂ ಇಲ್ಲದ ಗಂಡು ಈ ಭೂಮಿಯಲ್ಲಿ ಎಲ್ಲಿ ಸಿಗುತ್ತಾನೆ ಎಂದು ರೇಗಿದೆ.

"ನಿಮ್ಮತ್ತಿ ಸಾಯೋ ದಿನ ನನ್ನ ಕರದಿದ್ಲಂತ," ಎಂದರು ಮಾವ. "ಕಚೇರಿಗೆ ಆಳು ಬಂದು ಹೇಳಿದ. ಸಾಹೇಬ್ರು ಬಿಡಲಿಲ್ಲ. ಅವರನ್ನೂ ಬೈಯಂಗಿಲ್ಲ ಬಿಡು, ಅವರ ಮ್ಯಾಲಿನವರು ತನಿಖೆಗೆ ಬಂದಿದ್ರು." ಆಮೇಲೆ ನನ್ನ ಕಡೆ ತಿರುಗಿದರು. "ನನ್ನ ಮಗಳು ಕರದ್ರ ಎದ್ದು ಬರೋವಂಗ ಇರಬೇಕು ಅವ. ನಾ ಹುಡುಕೋದು ಅಷ್ಟಽ."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅತ್ತೆಯ ಮುಖ ನನಗೆ ಸರಿಯಾಗಿ ನೆನಪಿಲ್ಲ, ಆದರೂ ಕಣ್ಣು ತುಂಬಿತು. ಅಷ್ಟು ದಿನ ಆಡಲಾಗದ ಮಾತು ತಾನಾಗಿ ಬಾಯಿಗೆ ಬಂತು.

"ನಮ್ಮ ತ್ವಾಟ ಮನೀ ಹಿಂದಽ ಐತಿ ಮಾವ," ಎಂದೆ. "ಕರದ್ರ ಕೇಳಸ್ತೈತಿ."