ಹಳದಿ ಮಾತ್ರೆ, ಕಪ್ಪು ಮುಖ

ಬೆನ್ನಿನ ಹುಣ್ಣು ವಾಸಿಯಾಗಲಿ ಅಂತ ಡಾಕ್ಟರು ಕೊಟ್ಟ ಹಳದಿ ಮಾತ್ರೆಯನ್ನು ಶೀನ ಎಂಟು ತಿಂಗಳು ನುಂಗಿದ. ಹುಣ್ಣೇನೋ ಮಾಯಿತು, ಮುಖ ಮಾತ್ರ ಕಲಾಯಿ ಹೋದ ಪಾತ್ರೆಯ ಹಾಗೆ ಕಪ್ಪಿಟ್ಟಿತು. ಮಾತ್ರೆ ನಿಲ್ಲಿಸಿದ ಡಾಕ್ಟರು, ನಿಧಾನಕ್ಕೆ ಸರಿಹೋದೀತು ಅಂದರು. ಶೀನನಿಗೆ ನಿಧಾನವೆಲ್ಲಿತ್ತು?

ಮದರಾಸಿನ ತಿರುವಲ್ಲಿಕೇಣಿಯ ಹೋಟೆಲಿನ ಅಡುಗೆಮನೆಯಲ್ಲಿ ಹನ್ನೆರಡು ವರ್ಷ ಹೊಗೆ ಕುಡಿದವನಿಗೆ ಕೊನೆಗೂ ಅದೃಷ್ಟ ಖುಲಾಯಿಸಿತ್ತು. ತಾಂಬರಂ ಸ್ಟೇಷನ್ ಎದುರಿನ ಹೊಸ ಬ್ರಾಂಚಿಗೆ ಅವನೇ ಮ್ಯಾನೇಜರ್ ಎಂದು ಧಣಿ ವಿಷ್ಣುಮೂರ್ತಿರಾಯರು ಮಾತು ಕೊಟ್ಟಿದ್ದರು. ಇವತ್ತು ಹೆಲ್ತ್ ಇನ್‌ಸ್ಪೆಕ್ಟರು ಬಂದು ಸರ್ಟಿಫಿಕೇಟು ಬರೆದುಕೊಟ್ಟರೆ ನಾಳೆಯೇ ಕುರ್ಚಿ. ಈ ಮುಖ ಕಂಡು ಅಂಟುರೋಗ ಅಂದುಬಿಟ್ಟರೆ ಇದ್ದ ಕೆಲಸಕ್ಕೂ ಸಂಚಕಾರ.

ಜೊತೆಯ ಅಡುಗೆಯವ ಕಮಲಾಕರ ಧೈರ್ಯ ಹೇಳಿದ. ಕರಿ ಹಿಡಿದ ಕಡಾಯಿಗಳನ್ನೇ ಬೆಳಗಿದವನಿಗೆ ಇದೊಂದು ಮುಖ ಯಾವ ಲೆಕ್ಕ ಎಂದು ಹುಣಸೆಹಣ್ಣು, ಉಪ್ಪು, ಚೂರು ಬೂದಿ ಸೇರಿಸಿ ಶೀನನ ಕೆನ್ನೆ ತಿಕ್ಕಿದ. ತೆಂಗಿನ ನಾರನ್ನೂ ಬಿಡಲಿಲ್ಲ, ಪುಣ್ಯಾತ್ಮ. ಕಪ್ಪು ಕದಲಲಿಲ್ಲ, ಅದರ ಮೇಲೆ ಕೆಂಪೂ ಬಂತು. ಅದನ್ನು ಮುಚ್ಚಲು ಅಕ್ಕಿಹಿಟ್ಟು ಬಳಿದದ್ದಾಯಿತು. ಅಷ್ಟರಲ್ಲಿ ಇಡ್ಲಿ ಬೆಂದಿತೆಂದು ಶೀನ ಅಭ್ಯಾಸಬಲದಿಂದ ಹಂಡೆಯ ಮುಚ್ಚಳ ತೆಗೆದ. ಹಬೆ ಬಡಿದು ಅಕ್ಕಿಹಿಟ್ಟು ದೋಸೆಹಿಟ್ಟಾಗಿ ಗದ್ದದಿಂದ ತೊಟ್ಟಿಕ್ಕಿತು.

ತಲೆಯೆತ್ತಿದರೆ ಬಾಗಿಲಲ್ಲಿ ಇನ್‌ಸ್ಪೆಕ್ಟರ್ ತಿರುಮಲೇಶರು, ಹಿಂದೆ ರಾಯರು. ಇನ್‌ಸ್ಪೆಕ್ಟರ ಮುಖಕ್ಕೂ ಶೀನನ ಮುಖದ್ದೇ ಬಣ್ಣ.

"ನಿಮಗೂ ಹಳದಿ ಮಾತ್ರೆನಾ?" ಎಂದು ಇನ್‌ಸ್ಪೆಕ್ಟರು ಹತ್ತಿರ ಬಂದು ಕೇಳಿದರು. ಪಾಪ, ಆಫೀಸಿನಲ್ಲಿ ಅವರ ಪಕ್ಕ ಯಾರೂ ಕೂರುತ್ತಿರಲಿಲ್ಲವಂತೆ. ಶೀನನಿಗೆ ತಾವೇ ಧೈರ್ಯ ಹೇಳಿದರು. "ಕವಲೆಪಡಬೇಡಿ ಸಾರ್, ಚಿಂತೆ ಬೇಡ, ಇದು ಅಂಟೋದಲ್ಲ. ಆರು ತಿಂಗಳಲ್ಲಿ ಹೋಗಿಬಿಡತ್ತೆ."

ಅಲ್ಲೇ ಸರ್ಟಿಫಿಕೇಟು ಬರೆದರು. ಶೀನನಿಗೆ ಅವರ ಕಾಲಿಗೆ ಬೀಳಬೇಕೆನಿಸಿತು.

ಹೊರಡುವಾಗ ಅವರು ರಾಯರಿಗೊಂದು ಕಿವಿಮಾತು ಹೇಳಿದರು. ಈ ಮಾತ್ರೆ ತಿಂದವರಿಗೆ ಬಿಸಿಲು ಆಗದು, ಬಿಸಿಲು ಬಿದ್ದಷ್ಟೂ ಕಪ್ಪು. ತಾಂಬರಂ ಬ್ರಾಂಚನ್ನು ನಿನ್ನೆ ತಾನೇ ನೋಡಿಬಂದಿದ್ದರು. ಮ್ಯಾನೇಜರ ಕುರ್ಚಿಗೆ ಇಡೀ ಮಧ್ಯಾಹ್ನ ಬಿಸಿಲು. ಇವರನ್ನು ಒಳಗೇ ಇಟ್ಟುಕೊಳ್ಳಿ ಎಂದು ಸರ್ಟಿಫಿಕೇಟಿನ ಕೆಳಗೂ ಬರೆದು ರುಜು ಹಾಕಿದರು.

ಸಂಜೆಯ ಟ್ರೈನಿಗೆ ಮ್ಯಾನೇಜರಾಗಿ ತಾಂಬರಕ್ಕೆ ಹೊರಟವನು ಕಮಲಾಕರ.

ಶೀನ ಒಲೆಯ ಮುಂದೆ ಕೂತ. ಹೊಟ್ಟೆ ಉರಿಯಿತು, ಸುಳ್ಳಲ್ಲ. ಸ್ವಲ್ಪ ಹೊತ್ತಿಗೆ ರಾಯರೇ ಬಂದು ಪಕ್ಕದಲ್ಲಿ ನಿಂತರು.

"ಬೇಜಾರು ಮಾಡ್ಬೇಡ ಮಾರಾಯ. ಕ್ರೋಂಪೇಟೆಯಲ್ಲಿ ಇನ್ನೊಂದು ಬ್ರಾಂಚಿಗೆ ಜಾಗ ನೋಡಿದ್ದೇನೆ. ಎದುರಿಗೆ ದೊಡ್ಡ ಬೇವಿನ ಮರ ಉಂಟು."

ಮಧ್ಯಾಹ್ನದ ಹೊತ್ತು ಅದರ ನೆರಳು ಯಾವ ಕಡೆಗೆ ಬೀಳುತ್ತದೆ ಎಂದು ಶೀನ ಕೇಳಿದ.