ರಸೀದಿ ಸಮೇತ

ನಿಯತ್ತಪ್ಪನವರು ಜೀವನದಲ್ಲಿ ಮೊದಲ ಸಲ ದುಡ್ಡು ಕೊಟ್ಟು ಒಂದು ಹಾಡು ಕೊಂಡುಕೊಂಡರು. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ನಿಯತ್ತಪ್ಪ ಎನ್ನುವುದು ಅವರ ನಿಜವಾದ ಹೆಸರಲ್ಲ. ಫ್ಯಾನ್ ಕಾರ್ಖಾನೆಯ ಡಿಸ್‌ಪ್ಯಾಚ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ನಿಂತುಕೊಂಡೇ ಕೆಲಸ ಮಾಡುವ ಇವರು, ಒಮ್ಮೆ ಕಿವಿಗೆ ಸಿಕ್ಕಿಸಿಕೊಂಡು ಮರೆತಿದ್ದ ಆಫೀಸಿನ ಪೆನ್ಸಿಲ್ಲನ್ನು ವಾಪಸು ಕೊಡಲು ಮನೆಯಿಂದ ಮತ್ತೆ ಬಸ್ಸು ಹತ್ತಿ ಬಂದಿದ್ದರು. ಅವತ್ತಿನಿಂದ ಆ ಹೆಸರು ಅಂಟಿಕೊಂಡಿತು. ಇಟ್ಟವರು ಇಟ್ಟದ್ದು ರೇಗಿಸಲಿಕ್ಕೆ, ಇವರು ಅಂದುಕೊಂಡದ್ದು ಬಿರುದು ಅಂತ.

ಈಗ ಆ ಬಿರುದು ಫಲ ಕೊಡುವ ಕಾಲ ಬಂದಿತ್ತು. ಮ್ಯಾನೇಜರ್ ಮೇಡಂ ಅಂದು ನಿವೃತ್ತರಾಗುವವರಿದ್ದರು. ಸ್ಟೋರ್ ಕೀಪರ್ ಕೆಲಸ ಖಾಲಿಯಿತ್ತು; ಸ್ಟೋರಿನ ಬೀಗದ ಕೈ ಯಾರಿಗೆ ಎನ್ನುವುದನ್ನು ಸಂಜೆ ನಾಲ್ಕರ ಬೀಳ್ಕೊಡುಗೆಯಲ್ಲೇ ಹೇಳುತ್ತೇನೆ ಎಂದಿದ್ದರು. ಸ್ಟೋರ್ ಕೀಪರ್‌ಗೆ ಒಂದು ಮೇಜಿದೆ, ಮುಖ್ಯವಾಗಿ ಒಂದು ಕುರ್ಚಿಯಿದೆ. ನಿಯತ್ತಪ್ಪನವರ ಎರಡೂ ಮಂಡಿಗಳು ಆ ಕುರ್ಚಿಗಾಗಿ ವರ್ಷಗಟ್ಟಲೆಯಿಂದ ಹಂಬಲಿಸುತ್ತಿದ್ದವು.

“ನನ್ನ ಬೀಳ್ಕೊಡುಗೆ ವಿಡಿಯೋ ನೀವೇ ಮಾಡಿ,” ಎಂದು ಮೇಡಂ ಇವರನ್ನೇ ಕರೆದು ಹೇಳಿದ್ದರು. “ಹೋದ ವರ್ಷ ಕಾರ್ಖಾನೆ ವಿಡಿಯೋಗೆ ಯಾರೋ ಕದ್ದ ಹಾಡು ಹಾಕಿ, ನೋಟಿಸು ಬಂದು, ತಪ್ಪಾಯ್ತು ಅಂತ ಬರೆದುಕೊಟ್ಟೋಳು ನಾನು. ನನಗಿಷ್ಟವಾದ ಆ ಕೊಳಲಿನ ಟ್ಯೂನ್ ಹಾಕಿ. ಆದ್ರೆ ಕೊಂಡಿದ್ದೇ ಆಗಿರಬೇಕು. ಕಳ್ಳಮಾಲು ಅಂದ್ರೆ ನನಗೆ ಮೈಯೆಲ್ಲ ಉರಿಯುತ್ತೆ.”

ನಿಯತ್ತಪ್ಪನವರು ಅಂದು ರಜೆ ಹಾಕಿ ಬೆಳಿಗ್ಗೆಯೇ ಫೋನು ಹಿಡಿದು ಕೂತರು. ಮೇಡಂ ಅವರ ಫೋಟೋಗಳನ್ನೆಲ್ಲ ಒಂದರ ಹಿಂದೆ ಒಂದು ಜೋಡಿಸಿದ್ದಾಯಿತು. ಹಿಂದಿನ ದಿನ ಕೊಂಡ ಟ್ಯೂನನ್ನು ಸೇರಿಸಲು ಹೋದರೆ, ವಿಡಿಯೋ ಮಾಡುವ ಆ್ಯಪ್ ‘ಹಾಡು ಸಿಗಲಿಲ್ಲ’ ಎಂದಿತು. ಹಾಡಿನ ಆ್ಯಪ್ ತೆರೆದರೆ ಅದೇ ಕೊಳಲು ಸೊಗಸಾಗಿ ಕೇಳಿಸುತ್ತದೆ. ಇಲ್ಲಿಗೆ ಬಂದರೆ ಮತ್ತೆ ‘ಸಿಗಲಿಲ್ಲ’. ಹತ್ತು ಗಂಟೆಯ ಹೊತ್ತಿಗೆ ಬೆವರು ಕಿತ್ತುಕೊಂಡು ಬಂತು. ಬಿಲ್ಲಿಂಗ್ ವಿಭಾಗದ ಸುಲಭಣ್ಣನಿಗೆ ಫೋನ್ ಮಾಡಿದರು. ಏನು ಕೇಳಿದರೂ “ಸುಲಭ ಸಾರ್” ಎನ್ನುವುದರಿಂದ ಅವನಿಗೆ ಆ ಹೆಸರು.

“ಸುಲಭ ಸಾರ್,” ಎಂದ. “ಕೊಂಡ ಹಾಡು ಅಷ್ಟೇ. ತನ್ನ ಆ್ಯಪ್ ಒಳಗೇ ಹಾಡುತ್ತೆ, ಹೊಸಲು ದಾಟಲ್ಲ. ಕದ್ದ ಹಾಡಾದ್ರೆ ಕರೆದ ಕಡೆಗೆಲ್ಲ ಬರುತ್ತೆ. ನನ್ನ ಹತ್ರ ಇದೆ, ಕಳಿಸ್ಲಾ?”

“ಬೇಡಪ್ಪಾ ಬೇಡ! ನಾನು ದುಡ್ಡು ಕೊಟ್ಟಿದ್ದೀನಿ. ರಸೀದಿ ಇದೆ.”

“ಹಾಗಾದ್ರೆ ಒಂದು ಫೋನಲ್ಲಿ ಹಾಡಿಸಿ, ಇನ್ನೊಂದರಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ನಾಲ್ಕು ನಿಮಿಷ ಸದ್ದಾಗದ ಹಾಗೆ ನೋಡ್ಕೊಂಡ್ರೆ ಆಯ್ತು.”

ನಾಲ್ಕು ನಿಮಿಷ! ಅವರ ಮನೆಯಿದ್ದ ಕಟ್ಟಡ, ಕಟ್ಟಿದಾಗಿನಿಂದ ಅಷ್ಟು ಹೊತ್ತು ಸದ್ದಿಲ್ಲದೆ ಇದ್ದದ್ದೇ ಇಲ್ಲ. ಕೊಳಲು ಶುರುವಾಗಿ ಅರ್ಧ ನಿಮಿಷಕ್ಕೆ ಎದುರು ಮನೆಯ ಟೈಲರಮ್ಮನ ಮೆಷಿನ್ನು ಕಟಕಟ ಎಂದಿತು. ನಿಯತ್ತಪ್ಪನವರು ಹೋಗಿ ಬಾಗಿಲು ತಟ್ಟಿದರು.

“ನಾಲ್ಕೇ ನಿಮಿಷ ಮೆಷಿನ್ ನಿಲ್ಲಿಸ್ತೀರಾ ತಾಯಿ?”

“ಅಯ್ಯೋ, ಯಾಕಣ್ಣಾ? ಅಕ್ಕನಿಗೆ ಹುಷಾರಿಲ್ವಾ?” ಎಂದವಳು ಉತ್ತರಕ್ಕೂ ಕಾಯದೆ ಮೆಟ್ಟಿಲ ಕಡೆ ತಿರುಗಿ, “ಮೇಷ್ಟ್ರೇ, ಬೇಗ ಬನ್ನಿ, ಅಕ್ಕನಿಗೆ ಏನೋ ಆಗಿದೆಯಂತೆ!” ಎಂದು ಕೂಗಿಬಿಟ್ಟಳು.

ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಕೋಲೂರುತ್ತ ಇಳಿದು ಬಂದರು. ಗುಂಡುಕಲ್ಲಿನಂತೆ ಗಟ್ಟಿಯಾಗಿದ್ದ ಅಕ್ಕ, ಅಂದರೆ ನಿಯತ್ತಪ್ಪನವರ ಹೆಂಡತಿ, ಬಾಗಿಲಲ್ಲಿ ನಿಂತಿದ್ದನ್ನು ನೋಡಿ ಇಬ್ಬರಿಗೂ ಸ್ವಲ್ಪ ನಿರಾಸೆಯಾಯಿತು. ನಿಯತ್ತಪ್ಪನವರು ವಿಷಯವನ್ನೆಲ್ಲ ಬಿಡಿಸಿ ಹೇಳಬೇಕಾಯಿತು.

“ಅಲ್ಲಯ್ಯಾ,” ಎಂದರು ಮೇಷ್ಟ್ರು, “ಸಕ್ಕರೆ ಡಬ್ಬ ಕೊಂಡುಕೊಂಡು, ಮುಚ್ಚಳ ತೆಗೆಯೋ ಹಾಗಿಲ್ಲ, ಹೊರಗಿಂದ ನೆಕ್ಕು ಅಂದ ಹಾಗಾಯ್ತು ನಿನ್ನ ಕಥೆ. ಇರಲಿ, ನಾನಿದೀನಿ. ನಡಿ.”

ಮೇಷ್ಟ್ರು ‘ನಾನಿದೀನಿ’ ಎಂದರೆ ಕೆಲಸ ಕೆಟ್ಟಿತು ಎಂದೇ ಲೆಕ್ಕ. ಎರಡನೇ ಸಲ ಎಲ್ಲ ಸರಿಯಾಗಿ ನಡೆದು ಮೂರು ನಿಮಿಷ ದಾಟಿತ್ತು. ಆಗ ರೆಕಾರ್ಡ್ ಮಾಡುತ್ತಿದ್ದ ಹೆಂಡತಿಯ ಫೋನೇ ರಿಂಗಾಯಿತು. ಅತ್ತೆ! ಟೈಲರಮ್ಮನ ಕೂಗು ಅದು ಹೇಗೋ ಅಲ್ಲಿಯವರೆಗೂ ಮುಟ್ಟಿ, ಮಗಳಿಗೆ ಏನಾಗಿದೆ ಎಂದು ಅವರು ಅಳುತ್ತಿದ್ದರು. ಏನೂ ಆಗಿಲ್ಲ ಎಂದು ನಂಬಿಸುವಷ್ಟರಲ್ಲಿ ಊಟದ ಹೊತ್ತಾಯಿತು.

ಮೂರನೇ ಉಪಾಯ ಮೇಷ್ಟ್ರದೇ. “ಬೀರುವಿನೊಳಗೆ ಕೂತ್ಕೊ. ಬಟ್ಟೆ ಸದ್ದನ್ನೆಲ್ಲ ಹೀರ್ಕೊಳ್ಳುತ್ತೆ.” ನಿಯತ್ತಪ್ಪನವರು ಮಂಡಿ ಮಡಚಿಕೊಂಡು ಒಳಗೆ ತೂರಿಕೊಂಡರು. ಮೇಷ್ಟ್ರು ಕಾಳಜಿಯಿಂದ ಬಾಗಿಲು ಒತ್ತಿದರು. ಹೊರಗಿನ ಚಿಲಕ ತಾನಾಗಿ ಬಿದ್ದು ಕಚ್ಚಿಕೊಂಡಿತು. ಎರಡನೇ ನಿಮಿಷಕ್ಕೆ ಒಳಗೆ ಉಸಿರು ಕಟ್ಟಿತು. ಆ ರೆಕಾರ್ಡಿಂಗಿನಲ್ಲಿ ಕೊಳಲಿಗಿಂತ ದಬದಬ ಸದ್ದೇ ಹೆಚ್ಚು, ಅದರ ಮೇಲೆ “ತೆಗೀರೋ, ಸತ್ತೆ!” ಎಂಬ ಹಿಮ್ಮೇಳ ಬೇರೆ.

“ರೀ, ಆ ಸುಲಭಣ್ಣ ಕಳಿಸ್ತೀನಿ ಅಂದದ್ದನ್ನೇ ತರಿಸ್ಕೊಳ್ಳಿ,” ಎಂದಳು ಹೆಂಡತಿ, ಅವರ ಬೆನ್ನು ನೀವುತ್ತ. “ಯಾರಿಗೆ ಗೊತ್ತಾಗುತ್ತೆ?”

“ನನಗೆ ಗೊತ್ತಾಗುತ್ತಲ್ಲೇ!” ಎಂದರು ನಿಯತ್ತಪ್ಪನವರು. ಅವರಿಗೆ ನಿಜಕ್ಕೂ ಕಣ್ಣಲ್ಲಿ ನೀರು ಬಂತು.

ಆ ಮಾತು ಎಲ್ಲರಿಗೂ ನಾಟಿತು. ನಾಲ್ಕನೇ ಸಲ ಎಲ್ಲರೂ ಒಂದೇ ಕೋಣೆಯಲ್ಲಿ ಕೈಕಟ್ಟಿ ಕೂತರು. ಕೊಳಲು ಹರಿಯಿತು. ಎರಡನೇ ನಿಮಿಷದಲ್ಲಿ ಟೈಲರಮ್ಮ ತಡೆದು ತಡೆದು ಕೊನೆಗೆ ಕೆಮ್ಮಿದಳು. ಮೂರನೆಯದರಲ್ಲಿ ಯಾರದೋ ಕುರ್ಚಿ ಕಿರ್ರ್ ಎಂದಿತು. ಕೊನೆಯ ಸ್ವರ ಇನ್ನೂ ಕರಗುತ್ತಿರುವಾಗಲೇ ಮೇಷ್ಟ್ರು ಮೈಮರೆತು, “ಭೇಷ್! ಭೇಷ್!” ಎಂದು ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ಗಡಿಯಾರ ನೋಡಿದರೆ ಮೂರು ಗಂಟೆ. ಇನ್ನೊಂದು ಸಲಕ್ಕೆ ಹೊತ್ತಿರಲಿಲ್ಲ. ನಿಯತ್ತಪ್ಪನವರು ಅದನ್ನೇ ವಿಡಿಯೋಗೆ ಸೇರಿಸಿಕೊಂಡು ಕಾರ್ಖಾನೆಗೆ ಓಡಿದರು.

ಸಭಾಂಗಣ ತುಂಬಿತ್ತು. ಪರದೆಯ ಮೇಲೆ ಮೇಡಂ ಯುವತಿಯಾಗಿ ಕಾಣಿಸಿಕೊಂಡರು, ಕೊಳಲು ನುಡಿಯಿತು, ಮೇಡಂ ಕಣ್ಣೊರೆಸಿಕೊಂಡರು. ನಿಯತ್ತಪ್ಪನವರ ಮಂಡಿಗಳು ಆಗಲೇ ಕುರ್ಚಿಯ ಸುಖ ಅನುಭವಿಸತೊಡಗಿದವು. ಅಷ್ಟರಲ್ಲಿ ಯಾರೋ ಕೆಮ್ಮಿದರು. ಸಭೆಯಲ್ಲಲ್ಲ, ಪರದೆಯಲ್ಲಿ. ಆಮೇಲೆ ಕಿರ್ರ್. ಕೊನೆಗೆ “ಭೇಷ್! ಭೇಷ್!” ಮತ್ತು ಚಪ್ಪಾಳೆ. ಜನ ಗೊಳ್ಳೆಂದು ನಕ್ಕರು.

ಮೇಡಂ ನಗಲಿಲ್ಲ. “ಇದೇನ್ರೀ? ಯಾವುದೋ ಸಭೆಗೆ ಕದ್ದು ಹೋಗಿ ಜೇಬಲ್ಲಿ ಫೋನ್ ಇಟ್ಕೊಂಡು ಹಿಡಿದಿದ್ದೀರಲ್ರೀ! ನಿಮ್ಮನ್ನ ನಂಬಿದ್ನಲ್ಲಾ!”

“ಇಲ್ಲ ಮೇಡಂ, ದೇವರಾಣೆ! ಕೊಂಡಿದ್ದೀನಿ. ಇಲ್ಲಿದೆ ನೋಡಿ ರಸೀದಿ!” ನಿಯತ್ತಪ್ಪನವರು ಫೋನು ಚಾಚಿದರು.

ಮೇಡಂ ಕನ್ನಡಕ ಏರಿಸಿದರು. ಮುಖ ಸಡಿಲವಾಯಿತು. ನಿಯತ್ತಪ್ಪನವರಿಗೆ ಹೋದ ಜೀವ ಬಂದಂತಾಯಿತು. ಆದರೆ ಇಪ್ಪತ್ತೆಂಟು ವರ್ಷ ಕರಾರುಪತ್ರ ಓದಿದ ಕಣ್ಣು ಮೊತ್ತದ ಹತ್ತಿರ ನಿಲ್ಲಲಿಲ್ಲ. ಬೆರಳು ಕೆಳಕ್ಕೆ, ಇನ್ನೂ ಕೆಳಕ್ಕೆ, ಇರುವೆಸಾಲಿನಂಥ ಅಕ್ಷರಗಳವರೆಗೆ ಹೋಯಿತು. ಗಟ್ಟಿಯಾಗಿ ಓದಿದರು: “‘ಕೊಂಡವರು ಸ್ವಂತಕ್ಕೆ ಕೇಳಲು ಮಾತ್ರ. ಬೇರೆ ಉಪಕರಣದಲ್ಲಿ ರೆಕಾರ್ಡ್ ಮಾಡುವುದು, ವಿಡಿಯೋಗೆ ಬಳಸುವುದು, ಸಭೆಯಲ್ಲಿ ನುಡಿಸುವುದು ಕಳ್ಳತನವೆಂದು ಪರಿಗಣಿಸಲಾಗುವುದು.’”

ಸಭೆ ಗಪ್‌ಚಿಪ್ಪಾಯಿತು. ಬೆಳಿಗ್ಗೆಯಿಂದ ನಿಯತ್ತಪ್ಪನವರು ಹುಡುಕುತ್ತಿದ್ದ ಮೌನ ಈಗ ಸಿಕ್ಕಿತು.

“ನನ್ನ ಸರ್ವೀಸಲ್ಲಿ ಬೇಕಾದಷ್ಟು ಕಳ್ಳರನ್ನ ನೋಡಿದ್ದೀನಿ,” ಎಂದರು ಮೇಡಂ. “ರಸೀದಿ ಸಮೇತ ಬಂದೋರನ್ನ ನೋಡ್ತಿರೋದು ಇದೇ ಮೊದಲು.”

ಸಮಾರಂಭ ಕೆಡಬಾರದೆಂದು ಸುಲಭಣ್ಣ ಮುಂದೆ ಬಂದು, ತನ್ನಲ್ಲಿದ್ದ ಅದೇ ಟ್ಯೂನನ್ನು ಎರಡೇ ನಿಮಿಷದಲ್ಲಿ ಫೋಟೋಗಳಿಗೆ ಹೊಂದಿಸಿದ. ಕೆಮ್ಮಿಲ್ಲ, ಕಿರ್ರ್ ಇಲ್ಲ. ಕೊಳಲು ಜೇನಿನಂತೆ ಇಳಿಯಿತು.

“ನೋಡಿ,” ಎಂದರು ಮೇಡಂ ಸಭೆಗೆ, “ಸರಿಯಾದ ದಾರೀಲಿ ತಂದ ಹಾಡು ಅಂದ್ರೆ ಹೀಗಿರುತ್ತೆ.” ಅಲ್ಲೇ ಬೀಗದ ಕೈ ತೆಗೆದು ಸುಲಭಣ್ಣನ ಅಂಗೈಯಲ್ಲಿಟ್ಟರು. ನಿಜ ಹೇಳಲು ನಿಯತ್ತಪ್ಪನವರು ಬಾಯಿ ತೆರೆದರು. ಹೇಳಿದರೆ ಹೊಟ್ಟೆಕಿಚ್ಚು ಅನ್ನುತ್ತಾರೆ ಎಂದು ಹೊಳೆದು ಮುಚ್ಚಿಕೊಂಡರು.

ಜನ ಕರಗಿದ ಮೇಲೆ ಸುಲಭಣ್ಣ ಹತ್ತಿರ ಬಂದು ಅವರ ಹೆಗಲ ಮೇಲೆ ಕೈಯಿಟ್ಟ. “ಬೇಜಾರು ಮಾಡ್ಕೋಬೇಡಿ ಸಾರ್. ನಾಳೆಯಿಂದ ಸ್ಟೋರಿಗೆ ಬಂದುಬಿಡಿ. ನನಗೆ ಈ ಜನಾನ ನಂಬೋಕೇ ಆಗಲ್ಲ, ಸಾಮಾನು ಎಣಿಸೋಕೆ ನಿಮ್ಮಂಥ ನಿಯತ್ತಿನೋರೇ ಬೇಕು.”

“ಕುರ್ಚಿ?” ಎಂದರು ನಿಯತ್ತಪ್ಪನವರು ಮೆಲ್ಲಗೆ.

“ಒಂದೇ ಇದೆ ಸಾರ್,” ಎಂದ ಸುಲಭಣ್ಣ. “ಎಣಿಸೋ ಕೆಲಸ ತಾನೇ? ನಿಂತ್ಕೊಂಡೇ ಸುಲಭ.”