ಜೋಡು ಗೆರೆಯ ಸಂಸಾರ

ಜಗಳಗಂಟಿ ಎನ್ನುವುದು ಬೈಗುಳವೆಂದು ಬಹಳ ಜನ ತಿಳಿದಿದ್ದಾರೆ. ನಾನು ಮಾತ್ರ ಅದನ್ನು ಎಂ.ಎಸ್ಸಿ. ಪಕ್ಕದಲ್ಲೇ ಬರೆದುಕೊಳ್ಳಬಹುದಾದ ಪದವಿ ಎಂದು ನಂಬಿದವಳು. ಬಸ್ಸಿನಲ್ಲಿ ಕರ್ಚೀಫು ಹಾಕಿ ಸೀಟು ಹಿಡಿಯುವವರಿಂದ ಹಿಡಿದು ತರಕಾರಿ ತಕ್ಕಡಿಯ ಕೆಳಗೆ ಬೆರಳು ಕೊಡುವವರ ತನಕ ಶಹಾಪುರದಲ್ಲಿ ನಾನು ಎದುರು ಮಾತಾಡದವರು ಕಡಿಮೆ. ಹೀಗೆ ಊರಿಗೆಲ್ಲ ಜೋರು ಮಾಡುವ ನಾನು ಮೊನ್ನೆ ಒಂದು ಭಾನುವಾರ ನನ್ನ ಮನೆಯ ಪಡಸಾಲೆಯಲ್ಲೇ ಬಾಯಿ ಮುಚ್ಚಿಕೊಂಡು ನಿಲ್ಲಬೇಕಾಯಿತು. ಅದಾದದ್ದು ಹೇಗೆಂದು ಹೇಳಬೇಕಾದರೆ ಮೊದಲು ನಮ್ಮ ಮನೆಯವರ ಪರಿಚಯವಾಗಬೇಕು.

ನಮ್ಮ ಮನೆಯಲ್ಲಿ ಇರುವವರು ನಾಲ್ಕೇ ಜನ: ನಾನು, ನನ್ನ ಗಂಡ, ಅತ್ತೆ, ಮಗಳು. ಸಂಬಂಧಗಳನ್ನು ಎಣಿಸಲು ಕೂತರೆ ಮಾತ್ರ ಒಂದು ಓಣಿಗೆ ಸಾಕಾಗುವಷ್ಟಿವೆ. ನಾನು ಮದುವೆಯಾಗಿರುವುದು ನನ್ನ ಸ್ವಂತ ಸೋದರಮಾವನನ್ನು. ಹಾಗಾಗಿ ನನ್ನ ಅತ್ತೆ ಎಂದರೆ ನನ್ನ ತಾಯಿಯ ತಾಯಿ, ನಾನು ಹುಟ್ಟಿದಾಗಿನಿಂದ ಆಯಿ ಎಂದು ಕರೆದವಳು. ಸೊಸೆಯಾಗಿ ಹೆದರಬೇಕೋ, ಮೊಮ್ಮಗಳಾಗಿ ಮುದ್ದು ಮಾಡಿಸಿಕೊಳ್ಳಬೇಕೋ ತಿಳಿಯದೆ ಎರಡನ್ನೂ ಬಿಟ್ಟು ಅವಳೊಡನೆ ಜಗಳವಾಡುತ್ತ ಬಂದಿದ್ದೇನೆ. ನನ್ನ ಹಡೆದ ತಾಯಿ ನನಗೆ ನಾದಿನಿಯೂ ಆಗಬೇಕು. ನನ್ನ ಮಗಳು ಅಕ್ಷತಾಳಿಗೆ ಅವಳು ಅಜ್ಜಿಯೂ ಹೌದು, ಸೋದರತ್ತೆಯೂ ಹೌದು. ಗಂಡನನ್ನು ಇವತ್ತಿಗೂ ಮಾಮಾ ಎಂದೇ ಕರೆಯುತ್ತೇನೆ. ಎಷ್ಟೇ ಸಿಟ್ಟು ಬಂದರೂ ಮಾಮಾ ಎಂದೇ ಕೂಗಬೇಕಾದ್ದರಿಂದ ಅವರ ಜೊತೆಗಿನ ಜಗಳಕ್ಕೆ ಅರ್ಧ ಖಾರ ಕಡಿಮೆ.

ಇಂಥವಳಿಗೆ ಸಿಕ್ಕಿದ ನೌಕರಿ ನೋಡಿ. ಯಾದಗಿರಿಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಮೊದಲ ವರ್ಷದ ಹುಡುಗಿಯರಿಗೆ ಬಯೋಕೆಮಿಸ್ಟ್ರಿ ಮತ್ತು ಜೆನೆಟಿಕ್ಸ್ ಕಲಿಸುವುದು. ಸಾಲದ್ದಕ್ಕೆ ಈ ವರ್ಷ ನನ್ನ ಮಗಳೂ ಅದೇ ಕ್ಲಾಸಿನಲ್ಲಿ ಬಂದು ಕೂತಿದ್ದಾಳೆ. ಗ್ಲೂಕೋಸು, ಕೊಬ್ಬು, ಕಿಣ್ವ ಎಂದು ಪಾಠ ನಡೆಯುವವರೆಗೆ ಯಾರಿಗೂ ತೊಂದರೆಯಿಲ್ಲ. ವಂಶವೃಕ್ಷ ಬಿಡಿಸುವ ಪಾಠ ಬಂದಾಗಲೇ ನನ್ನ ಗ್ರಹಚಾರ ಶುರು. ಗಂಡಿಗೆ ಒಂದು ಚೌಕ, ಹೆಣ್ಣಿಗೆ ಒಂದು ದುಂಡು, ಮದುವೆಯಾದರೆ ನಡುವೆ ಒಂದು ಗೆರೆ, ರಕ್ತಸಂಬಂಧದಲ್ಲೇ ಮದುವೆಯಾದರೆ ಜೋಡು ಗೆರೆ. ಪುಸ್ತಕ ಬರೆದ ಪುಣ್ಯಾತ್ಮರು ಈ ಜೋಡು ಗೆರೆಯನ್ನು ಎಲ್ಲೋ ಅಪರೂಪಕ್ಕೆ ನಡೆಯುವ ಸಂಗತಿಯೆಂಬಂತೆ ಪುಟದ ಮೂಲೆಗೆ ತಳ್ಳಿದ್ದಾರೆ. ನಾನು ಉತ್ಸಾಹದಿಂದ, ನಿಮ್ಮ ನಿಮ್ಮ ಮನೆಯದನ್ನೇ ಬಿಡಿಸಿ ಎಂದುಬಿಟ್ಟೆ. ಹುಡುಗಿಯರು ತಲೆ ಬಗ್ಗಿಸಿ ಜೋಡು ಗೆರೆ, ಮತ್ತೆ ಜೋಡು ಗೆರೆ ಎಳೆದದ್ದೇ ಎಳೆದದ್ದು. ಕೊನೆಗೆ ಹತ್ತಿಕುಣಿಯ ಹುಡುಗಿಯೊಬ್ಬಳು ಎದ್ದು ನಿಂತು ಬಹಳ ವಿನಯದಿಂದ ಕೇಳಿದಳು, “ಮೇಡಮ್, ಈ ಒಂಟಿ ಗೆರಿ ಯಾವಾಗ ಹಾಕಬೇಕ್ರಿ?” ನಾನು ಬಾಯಿ ತೆರೆಯುವ ಮೊದಲೇ ಪಕ್ಕದವಳು ಉತ್ತರ ಕೊಟ್ಟಳು, “ಓಡಿ ಹೋಗಿ ಲಗ್ನ ಆದವರಿಗೆ ಅದು.” ಇಡೀ ಕ್ಲಾಸು ಅದನ್ನು ಬರೆದುಕೊಂಡಿತು.

ಮರುವಾರ ಹುಡುಗಿಯೊಬ್ಬಳ ತಂದೆ ಪ್ರಿನ್ಸಿಪಾಲರ ಕೋಣೆಗೆ ಬಂದು ತಕರಾರು ಮಾಡಿದರು. “ನಿಮ್ಮ ಮೇಡಮ್ಮರು ನಮ್ಮ ಹುಡುಗಿಗಿ ಅತ್ತಿ ಮಗನ್ನ ಆಗಬ್ಯಾಡ ಅಂತ ಹೇಳ್ಯಾರಂತ. ನಾವು ಫೀ ಕಟ್ಟೀವಿ ನರ್ಸ್ ಮಾಡ್ಲಿಕ್ಕಿ, ಸಂಬಂಧ ಮುರೀಲಿಕ್ಕಲ್ಲ.” ಪ್ರಿನ್ಸಿಪಾಲರು ನನ್ನನ್ನು ಕರೆಸಿ, ಆ ಪಾಠವನ್ನು ಜರಾ ಹಗುರಾಗಿ ಮಾಡಿ ಮುಗಿಸಬಹುದಲ್ಲ ಎಂದರು. ಹಗುರಾಗಿ ಮಾಡಲು ಅದೇನು ಹಬ್ಬದ ಊಟವೇ? ನಾನು ಮರುದಿನ ಅದೇ ಪಾಠವನ್ನು ಇನ್ನೊಂದು ಸಲ, ಇನ್ನೂ ದೊಡ್ಡ ದನಿಯಲ್ಲಿ ಮಾಡಿದೆ. ಕಾರಿಡಾರಿನಲ್ಲಿ ಹೋಗುತ್ತಿದ್ದ ಪ್ರಿನ್ಸಿಪಾಲರು ಕೇಳದವರಂತೆ ಮುಂದಕ್ಕೆ ನಡೆದರು.

ಕಾಲೇಜಿನಲ್ಲಿ ಇಷ್ಟೆಲ್ಲ ಮೆರೆದು ಮನೆಗೆ ಬಂದರೆ ಆಯಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಶಾಂತವಾಗಿ ಹೇಳಿದಳು, “ಬರೋ ಐತವಾರ ಮೌನೇಶಗ ಬಾ ಅಂದೀನಿ. ಅಕ್ಷತಾಂದು ಮಾತು ಮುಗಿಸಿ ಬಾಯಿ ಸಿಹಿ ಮಾಡಿಬಿಡಮು.” ಮೌನೇಶ ನನ್ನ ಖಾಸಾ ತಮ್ಮ. ಸುರಪುರದಲ್ಲಿ ಪೈಪು, ಮೋಟಾರಿನ ಅಂಗಡಿ ಇಟ್ಟಿದ್ದಾನೆ. ಅಕ್ಷತಾಳಿಗೆ ಅವನು ತಾಯಿಯ ಕಡೆಯಿಂದ ಸೋದರಮಾವ, ತಂದೆಯ ಕಡೆಯಿಂದ ಅತ್ತೆಯ ಮಗ. ನಮ್ಮಲ್ಲಿ ಒಂದು ಕಡೆಯಿಂದ ವರಸೆಯಿದ್ದರೇ ಹೆಣ್ಣಿನ ಮೇಲೆ ಹಕ್ಕು. ಅವನಿಗೆ ಎರಡೂ ಕಡೆಯಿಂದ ಇತ್ತು. ಚಿಕ್ಕವಳಿದ್ದಾಗ ಅಕ್ಷತಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ತಿಂಥಣಿಗೆ ಕರೆದೊಯ್ದು ಹೊಳೆ ತೋರಿಸಿದವನು ಅವನೇ.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಪಾಠ ಶುರು ಮಾಡಿದೆ. ಕೆಟ್ಟ ಜೀನು ಒಂದೇ ಇದ್ದರೆ ತೆಪ್ಪಗೆ ಒಳಗೆ ಕೂತಿರುತ್ತದೆ, ಅಂಥದ್ದೇ ಇನ್ನೊಂದು ಜೊತೆಗೂಡಿದರೆ ಎದ್ದು ಬರುತ್ತದೆ, ಒಂದೇ ರಕ್ತದವರಲ್ಲಿ ಹಾಗೆ ಜೊತೆಗೂಡುವ ಸಂಭವ ಹೆಚ್ಚು ಎಂದು ಬಿಡಿಸಿ ಹೇಳಿದೆ. ಆಯಿ ಪೂರ್ತಿ ಕೇಳಿಸಿಕೊಂಡಳು.

“ಹಂಗಾದ್ರ ಮಕ್ಕಳಿಗಿ ಬ್ಯಾನಿ ಬರ್ತದೇನು?”

“ಬರಬಹುದು ಆಯಿ.”

“ಬರ್ತದೋ ಇಲ್ಲೋ ಖರೇ ಹೇಳು.”

“ಹಂಗ ಖಡಾಖಡಿ ಹೇಳಾಕ ಬರಂಗಿಲ್ಲ.”

“ಹೇಳಾಕ ಬರಂಗಿಲ್ಲ ಅಂದ್ರ ಪಗಾರ ಯಾಕ ತಗೋತಿ?”

ವಿಜ್ಞಾನದ ದೊಡ್ಡ ತೊಂದರೆಯೇ ಇದು. ಅದು ಸುಳ್ಳು ಹೇಳುವುದಿಲ್ಲ, ಆದ್ದರಿಂದ ಮನೆಯ ಜಗಳಕ್ಕೆ ಒದಗುವುದಿಲ್ಲ. ನಾನು ಬಿಡಲಿಲ್ಲ. ಆಕಳಿಗೆ ಹೋರಿಯನ್ನು ಬೇರೆ ಊರಿನಿಂದ ತರುವುದಿಲ್ಲವೇ ಎಂದೆ. “ನನ್ನ ಮಮ್ಮಗ ನಿಂಗ ಹೋರಿ ಕಂಡಂಗ ಕಾಣ್ತಾನೇನು?” ಎಂದು ಆಯಿ ತಿರುಗಿಬಿದ್ದಳು. ಗಂಗಾಳ ಮಾತೆತ್ತಿದೆ. ಗಂಗಾ ನನ್ನ ದೊಡ್ಡವ್ವನ ಮಗಳು. ಅವಳ ತಂದೆ ತಾಯಿಯೂ ಸೋದರಮಾವ, ಸೊಸೆ. ಅವಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ನಾವಿಬ್ಬರೂ ಕೈಸನ್ನೆಯಲ್ಲೇ ಹರಟುತ್ತ, ಊರವರನ್ನು ಆಡಿಕೊಂಡು ನಗುತ್ತ ಬೆಳೆದವರು. ಆಯಿಯ ಮುಖ ಒಂದು ಗಳಿಗೆ ಸಣ್ಣದಾಯಿತು. ಆಮೇಲೆ, “ಅವರವ್ವ ಗ್ರಹಣದಾಗ ಹೊರಗ ಬಂದಿದ್ಳು,” ಎಂದು ಆ ಕಡೆ ತಿರುಗಿದಳು. ದೊಡ್ಡವ್ವ ಇಡೀ ಜೀವಮಾನ ಆ ಗ್ರಹಣದ ತಪ್ಪನ್ನು ಹೊತ್ತಳು. ಜೀವ ಹೋದರೂ ಮಗಳನ್ನು ಕೊಡುವುದಿಲ್ಲ ಎಂದು ಅಲ್ಲೇ ಸಾರಿದೆ. ಮಾಮಾ ಪೇಪರಿನ ಹಿಂದೆ ಇದ್ದರು. ಅವರು ಮನೆಯ ಎಲ್ಲ ಮಹತ್ವದ ಪ್ರಸಂಗಗಳಲ್ಲೂ ಪೇಪರಿನ ಹಿಂದೆಯೇ ಇರುತ್ತಾರೆ.

ಭಾನುವಾರ ಮೌನೇಶ ಇಸ್ತ್ರಿ ಅಂಗಿ ತೊಟ್ಟು ಪೇಢೆಯ ಡಬ್ಬಿ ಹಿಡಿದು ಬಂದ. ನಾನು ಚಹಾ ಕೊಡುವ ಮೊದಲೇ ಜೀನಿನ ಪಾಠ ಕೊಟ್ಟೆ. ಅವನು ಒಳ್ಳೆಯವನು. ಅದೇ ಕಷ್ಟವಾದದ್ದು. ಸಿಟ್ಟಾಗುವ ಬದಲು ಯೋಚಿಸಿ ಹೇಳಿದ, “ಅಕ್ಕಾ, ನೀ ಹೇಳೂದು ಬರೋಬರಿ ಅದ. ಕಲಬುರಗಿಗಿ ಹೋಗಿ ಇಬ್ಬರದೂ ರಕ್ತ ಟೆಸ್ಟ್ ಮಾಡಸಮು. ಏನರೆ ಇದ್ರ ಬಿಡಮು.”

“ಚೊಲೊ ಬಂದ್ರ ಕೊಡ್ತಿಲ್ಲ?” ಆಯಿ ಥಟ್ಟನೆ ಹಿಡಿದಳು.

ಟೆಸ್ಟಿನಲ್ಲಿ ಎಲ್ಲವೂ ಕಾಣುವುದಿಲ್ಲ, ಗೊತ್ತಿರುವ ಕೆಲವನ್ನಷ್ಟೇ ಹುಡುಕುತ್ತಾರೆ ಎಂದು ನಾನು ಇನ್ನೊಂದು ಅಧ್ಯಾಯ ತೆಗೆದೆ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ಅಕ್ಷತಾ ಕೇಳಿದಳು, “ಅವ್ವಾ, ಆಯಿ ಕೇಳಿದ್ದಕ್ಕ ಜವಾಬ್ ಕೊಡು. ಟೆಸ್ಟ್ ಚೊಲೊ ಬಂದ್ರ ನನ್ನ ಕೊಡ್ತಿಯೇನು?”

ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಇಷ್ಟು ದಿನದ ಜಗಳದಲ್ಲಿ ನಾನು ಎಲ್ಲರಿಗೂ ಎಲ್ಲವನ್ನೂ ಹೇಳಿದ್ದೆ. ಅವಳಿಗೆ ಏನು ಬೇಕು ಎಂದು ಮಾತ್ರ ಕೇಳಿರಲಿಲ್ಲ.

ಅವಳು ನನ್ನ ಉತ್ತರಕ್ಕೆ ಕಾಯಲಿಲ್ಲ. “ನಾ ಒಲ್ಲೆ,” ಎಂದಳು.

“ಒಲ್ಲೆ ಅಂದ್ರ? ಅವನಿಗಿ ಏನು ಕಮ್ಮಿ ಅದ?” ಎಂದಳು ಆಯಿ.

“ಏನೂ ಕಮ್ಮಿ ಇಲ್ಲ. ಬ್ಯಾನಿ ಬರ್ಲಿ ಬಿಡ್ಲಿ, ನಾ ಒಲ್ಲೆ. ಮೌನೇಶ ಮಾಮಾ ನನಗ ಮಾಮಾನೇ ಇರ್ಲಿ.”

“ಮತ್ತ ಕಾರಣ?”

“ಒಲ್ಲೆ ಅನ್ನೂದೇ ಕಾರಣ ಆಯಿ.”

ಮೌನೇಶ ಡಬ್ಬಿ ಬಿಚ್ಚಿ ಒಂದು ಪೇಢೆಯನ್ನು ತಾನೇ ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಅಕ್ಷತಾಳ ಕೈಗಿಟ್ಟು, “ಓದು ಮೊದಲ,” ಎಂದು ಎದ್ದುಬಿಟ್ಟ. ಅವನ ಮುಖದಲ್ಲಿ ಬೇಸರವೂ ಇತ್ತು, ಭಾರ ಇಳಿಸಿದವನ ಹಗುರವೂ ಇತ್ತು. ಆಯಿ ಮುಸುಕೆಳೆದು ಮಲಗಿದಳು.

ಪಡಸಾಲೆಯಲ್ಲಿ ನಾನು, ಮಾಮಾ ಇಬ್ಬರೇ ಉಳಿದೆವು. ಒಂದು ಶಬ್ದದಲ್ಲಿ ಮುಗಿಯುವ ಕೆಲಸಕ್ಕೆ ನಾನು ಇಡೀ ಸಿಲೆಬಸ್ಸನ್ನು ಕರೆದುಕೊಂಡು ಬಂದಿದ್ದೆನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯಾದಾಗ ನಾನು ಗಂಡನ ಮೇಲೆ ಹಾಯುತ್ತೇನೆ.

“ನನ್ನ ಲಗ್ನದಾಗ ನನಗ ಯಾರೂ ಹಿಂಗ ಕೇಳ್ಲಿಲ್ಲ,” ಎಂದೆ.

ಮಾಮಾ ಪೇಪರ್ ಮಡಚಿದರು. “ನನಗರೆ ಯಾರು ಕೇಳ್ಯಾರ?” ಎಂದರು.

ಮದುವೆಯಾದ ದಿನದಿಂದ ಈ ದೂರಿನ ಮೇಲೆ ನನಗೊಬ್ಬಳಿಗೇ ಹಕ್ಕಿದೆ ಎಂದುಕೊಂಡಿದ್ದೆ. ಅದರಲ್ಲೂ ಪಾಲು ಕೊಡಬೇಕಾಯಿತು. ಕೇಳಿದ್ದರೆ ಏನನ್ನುತ್ತಿದ್ದಿರಿ ಎಂದು ಕೇಳಿದೆ. ಅವರು ಯೋಚಿಸತೊಡಗಿದರು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಯೋಚಿಸಿದರು. ಕೊನೆಗೆ, “ಒಂದು ಕಪ್ ಚಹಾ ಇಡು,” ಎಂದರು.

“ಒಲ್ಲೆ,” ಎಂದೆ. ಜೀವಮಾನದಲ್ಲಿ ಮೊದಲ ಸಲ, ಕಾರಣ ಕೊಡದೆ.

ಅವರು ನನ್ನ ಮುಖವನ್ನೇ ನೋಡಿ, ತಾವೇ ಒಳಗೆ ಹೋಗಿ ಚಹಾ ಇಟ್ಟು, ನನಗೂ ಒಂದು ಕಪ್ ತಂದುಕೊಟ್ಟರು. ಸಕ್ಕರೆ ಹಾಕುವುದನ್ನು ಮರೆತಿದ್ದರು. ಅದಕ್ಕೆ ಮಾತ್ರ ನಾನು ಕಾರಣಗಳ ಸಮೇತ ಅರ್ಧ ಗಂಟೆ ಬೈದೆ.